ಮಡಿವಾಳನ ಗುರುತು

“ಗುರುಗಳೇ, ಮುಚ್ಚಿಡುವಂಥದ್ದು ಏನೂ ಇಲ್ಲದವನು ಯಾಕೆ ಮುಚ್ಚಿಡಬೇಕು?” ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಮಠಕ್ಕೆ ಬರುವ ಭಕ್ತರ ಕಷ್ಟಸುಖ ವಿಚಾರಿಸುವ ಶಿಷ್ಯ. ಬರಲಾಗದವರು ಅವನ ಫೋನಿಗೇ ಬರೆದು ಕಳಿಸುತ್ತಿದ್ದರು. ಆ ಫೋನಿಗೆ ಅವನು ಹೊಸದೊಂದು ಆ್ಯಪ್ ಹಾಕಿಕೊಳ್ಳುವುದರಲ್ಲಿದ್ದ. ಅದು ದಿನದ ಪಂಚಾಂಗವನ್ನು ಪುಕ್ಕಟೆ ಓದಿ ಹೇಳುತ್ತದೆ. ಬದಲಿಗೆ ಫೋನಿನಲ್ಲಿರುವುದನ್ನೆಲ್ಲ ನೋಡಲು ಒಪ್ಪಿಗೆ ಕೇಳುತ್ತದೆ.

“ನಾನು ಕದ್ದವನಲ್ಲ, ಸುಳ್ಳು ಹೇಳಿದವನಲ್ಲ. ನೋಡಿಕೊಳ್ಳಲಿ ಬಿಡಿ,” ಎಂದ.

ಗುರುಗಳು ಕತೆ ಹೇಳಿದರು.

ಒಬ್ಬ ಮಡಿವಾಳನಿದ್ದ. ನಲವತ್ತು ಮನೆಗಳ ಬಟ್ಟೆ ಒಗೆಯುತ್ತಿದ್ದ. ಬಟ್ಟೆ ಏನು ಹೇಳೀತು ಎನ್ನುವವರು ಒಂದು ದಿನ ಅವನ ಜೊತೆ ಕೆರೆಗೆ ಹೋಗಿ ನೋಡಬೇಕಿತ್ತು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಸೊಸೆ ಬಸುರಿ, ಯಾರು ಕಾಯಿಲೆ ಬಿದ್ದಿದ್ದಾರೆ, ಗಂಟು ಬಿಚ್ಚಿದ ಕೂಡಲೇ ಅವನಿಗೆ ಗೊತ್ತಾಗುತ್ತಿತ್ತು. ಆದರೆ ಹೆಂಡತಿಯ ಮುಂದೆಯೂ ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳಿಗೂ ಎಲ್ಲ ಗೊತ್ತಿತ್ತು, ಅವಳೂ ಒಗೆಯುತ್ತಿದ್ದಳಲ್ಲ.

ನಲವತ್ತು ಮನೆಯ ಬಟ್ಟೆಯನ್ನೂ ಬೆರೆಸಿ ಒಣಹಾಕುವುದು ಅವನ ಮನೆತನದ ಪದ್ಧತಿ. ಯಾವುದು ಯಾರದೆಂದು ದಾರಿಹೋಕರಿಗೆ ತಿಳಿಯಬಾರದು. ಅವನಿಗೆ ಮಾತ್ರ ತಿಳಿಯಲೆಂದು ಪ್ರತಿ ಬಟ್ಟೆಯ ಅಂಚಿನಲ್ಲಿ ಕರಿಗೇರುಕಾಯಿಯ ರಸದಿಂದ ಒಂದು ಗುರುತು ಹಾಕುತ್ತಿದ್ದ. ಒಂದು ಮನೆಗೆ ಎರಡು ಚುಕ್ಕೆ, ಇನ್ನೊಂದಕ್ಕೆ ಚುಕ್ಕೆಯ ಕೆಳಗೆ ಗೆರೆ. ಆ ಗುರುತು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಒಬ್ಬ ವ್ಯಾಪಾರಿ ಆ ಊರಿಗೆ ಬಂದ. ದನದಿಂದ ಹಿಡಿದು ತುಪ್ಪದವರೆಗೆ ಎಲ್ಲವನ್ನೂ ಕೊಳ್ಳುವವನು, ಎಲ್ಲವನ್ನೂ ಮಾರುವವನು. ಅವನು ಮಡಿವಾಳನಿಗೆ ಹೇಳಿದ: “ಯಾರ ಮನೆ ಸುದ್ದಿನೂ ನನಗೆ ಬೇಡಪ್ಪ. ಯಾವ ಗುರುತು ಯಾವ ಮನೇದು, ಅಷ್ಟು ಹೇಳು ಸಾಕು. ಒಗೆಯೋ ಸೌಳು ಮಣ್ಣನ್ನ ವರ್ಷಪೂರ್ತಿ ನಿನ್ನ ಬಾಗಿಲಿಗೇ ತಂದು ಸುರಿಸ್ತೀನಿ.”

ಆ ಮಣ್ಣನ್ನು ದೂರದ ಹಳ್ಳದಿಂದ ಹೊತ್ತು ತಂದು ತಂದು ಮಡಿವಾಳನ ಹೆಂಡತಿಯ ಕತ್ತು ಹಿಡಿದುಕೊಂಡಿತ್ತು. ಅವನು ಯೋಚಿಸಿದ. ಬಟ್ಟೆ ಜನರದು, ನಿಜ. ಆದರೆ ಗುರುತು ಹಾಕಿದ್ದು ನನ್ನ ತಾತ, ಕಲಿಸಿದ್ದು ನನ್ನಪ್ಪ. ಗುರುತು ನನ್ನದೇ. ನನ್ನದನ್ನು ನಾನು ಕೊಟ್ಟರೆ ಯಾರ ಗಂಟು ಹೋಗುತ್ತದೆ? ಕುಳಿತು ನಲವತ್ತು ಗುರುತುಗಳನ್ನೂ ಹೇಳಿದ. ತನ್ನ ವಿದ್ಯೆಯನ್ನು ಕೇಳುವವರು ಸಿಕ್ಕರಲ್ಲ ಎಂದು ಖುಷಿಯೂ ಆಯಿತು, ಪಾಪ.

ಅಂದಿನಿಂದ ವ್ಯಾಪಾರಿ ದಿನಾ ಕೆರೆ ಏರಿಯ ಮೇಲೆ ಗಾಳಿ ಸೇವನೆಗೆ ಬಂದ. ಒಣಹಾಕಿದ ಬಟ್ಟೆಗಳ ಪಕ್ಕದಲ್ಲೇ, ಅಂಚಿನ ಗುರುತು ನೋಡುತ್ತ ನಡೆದ. ಬಸುರಿಯ ಮನೆಗೆ ಕೇಳುವ ಮೊದಲೇ ತುಪ್ಪ ಬಂತು. ಜನ ಅವನನ್ನು ಹೊಗಳಿದರು.

ಆ ಊರಿನ ಒಬ್ಬ ರೈತನ ತಾಯಿ ಹಾಸಿಗೆ ಹಿಡಿದಿದ್ದಳು. ಒಗೆಯುವ ಗಂಟಿನಲ್ಲಿ ಅವಳ ಸೀರೆ, ಹಾಸಿಗೆ ಬಟ್ಟೆಗಳೇ ಹೆಚ್ಚಾಗಿದ್ದವು. ಪಟ್ಟಣದ ವೈದ್ಯರಲ್ಲಿಗೆ ಕರೆದೊಯ್ಯಲು ಎತ್ತು ಮಾರಬೇಕಿತ್ತು. ಅವಸರ ತಿಳಿದರೆ ಬೆಲೆ ಬೀಳುತ್ತದೆಂದು ರೈತ ಯಾರಿಗೂ ಹೇಳಿರಲಿಲ್ಲ. ವ್ಯಾಪಾರಿ ಎತ್ತುಗಳ ಹಲ್ಲನ್ನೂ ನೋಡದೆ ಅರ್ಧ ಬೆಲೆ ಹೇಳಿದ. ಸಂತೆಗೆ ಹೊಡೆದುಕೊಂಡು ಹೋಗುತ್ತೇನೆ ಎಂದ ರೈತ. “ಸಂತೆಗೆ ಇನ್ನೂ ಆರು ದಿನ ಇದೆ. ನಿಮ್ಮ ತಾಯಿ ಕಾಯ್ತಾರಾ?” ಎಂದ ವ್ಯಾಪಾರಿ. ರೈತ ಎತ್ತುಗಳನ್ನು ಕೊಟ್ಟುಬಿಟ್ಟ. ತಾಯಿಯೇನೋ ಉಳಿದಳು.

ಮುಂದಿನ ವಾರ ಮಡಿವಾಳ ಬಟ್ಟೆಗೆ ಬಂದಾಗ ರೈತ ಬಾಗಿಲಲ್ಲೇ ನಿಂತಿದ್ದ. “ಅವ್ವ ಮಲಗಿದ್ದು ನನಗೆ ಗೊತ್ತಿತ್ತು, ನನ್ನ ಹೆಂಡತಿಗೆ ಗೊತ್ತಿತ್ತು, ಬಿಟ್ಟರೆ ನಿನ್ನ ಗಂಟಿಗೆ ಗೊತ್ತಿತ್ತು.”

“ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಗೌಡ್ರೇ,” ಎಂದ ಮಡಿವಾಳ. ಎಂದವನಿಗೆ ಏರಿಯ ಮೇಲೆ ಓಡಾಡುವ ವ್ಯಾಪಾರಿ ನೆನಪಾದ.

ಆದರೂ ಅವನು ಒಳ್ಳೆಯವನು. ತಲೆತಪ್ಪಿಸಿಕೊಳ್ಳಲಿಲ್ಲ. ಅಲ್ಲೇ ನಿಂತು ನಡೆದುದನ್ನು ಹೇಳಿದ. ಉಳಿದ ಮೂವತ್ತೊಂಬತ್ತು ಮನೆಗಳಿಗೂ ಹೋಗಿ ಹೇಳಿದ, ಬೈಸಿಕೊಂಡ. ಉಳಿದ ಮಣ್ಣನ್ನು ವ್ಯಾಪಾರಿಯ ಬಾಗಿಲಿಗೆ ಸುರಿದು ಬಂದ. ಹಳೆಯ ಗುರುತು ಅಳಿಸಲು ಬರುವುದಿಲ್ಲ. ಗಂಡಹೆಂಡತಿ ಇಬ್ಬರೂ ಒಂದು ತಿಂಗಳು ಕುಳಿತು ಬಂದ ಪ್ರತಿ ಬಟ್ಟೆಯ ಗುರುತಿಗೂ ಚುಕ್ಕೆ ಸೇರಿಸಿದರು, ಗೆರೆ ಎಳೆದರು. ಮನೆಮನೆಯ ಗುರುತೂ ಬದಲಾಯಿತು. ವ್ಯಾಪಾರಿ ಇನ್ನೂ ನಾಲ್ಕು ದಿನ ಗಾಳಿ ಸೇವಿಸಿದ. ಗಾಳಿ ಬಿಟ್ಟು ಬೇರೇನೂ ಸಿಗದೆ ಗಾಡಿ ಕಟ್ಟಿದ.

ರೈತನ ಮನೆಯಿಂದ ಮಾತ್ರ ಬಹಳ ದಿನ ಬಟ್ಟೆ ಬರಲಿಲ್ಲ. ಒಂದು ಬೆಳಿಗ್ಗೆ ಚೇತರಿಸಿಕೊಂಡ ಆ ತಾಯಿಯೇ ಗಂಟು ಹಿಡಿದು ಮಡಿವಾಳನ ಬಾಗಿಲಿಗೆ ಬಂದಳು. “ನನ್ನ ಸೊಸೆಗೆ ಒಗೆಯೋಕೆ ಬರಲ್ಲ ಕಣಪ್ಪ,” ಎಂದಳು. ಮಡಿವಾಳ ಗಂಟು ಹೊತ್ತು ಕೆರೆಗೆ ನಡೆದ. ಅಷ್ಟು ಹಗುರಾದ ಹೊರೆಯನ್ನು ಅವನು ಎಂದೂ ಹೊತ್ತಿರಲಿಲ್ಲ.

ಕತೆ ಮುಗಿಯಿತು. ಸಂಗಯ್ಯನಿಗೆ ಸಂತೋಷವಾಯಿತು.

“ಆದರೆ ಗುರುಗಳೇ, ಮಡಿವಾಳ ಕೊಟ್ಟದ್ದು ಪರರ ಮನೆಯ ಸಂಗತಿ. ನಾನು ತೋರಿಸುವುದು ನನ್ನ ಫೋನು,” ಎಂದ.

“ಫೋನು ನಿನ್ನದು ಸಂಗಯ್ಯ, ಅದರೊಳಗೆ ಇರುವ ಕಣ್ಣೀರು ಯಾರದು?” ಎಂದರು ಗುರುಗಳು.

ಸಂಗಯ್ಯ ಒಪ್ಪಿಗೆಯ ಗುಂಡಿ ಒತ್ತದೆ ಫೋನನ್ನು ಜೇಬಿಗೆ ಹಾಕಿಕೊಂಡ.