ಜಿಂಕೆಯ ಮೈಗೆ ಚುಕ್ಕೆ ಬಂದದ್ದು

ಕಾಡಿನ ಮಣ್ಣು ಇನ್ನೂ ಆರದೆ ಹಸಿಯಾಗಿದ್ದ ಕಾಲ, ಮಗು. ಗಾಳಿ ಮಾತಾಡುತ್ತಿತ್ತು. ಹೊಳೆ ಮಾತಾಡುತ್ತಿತ್ತು. ಕೇಳುವುದಕ್ಕೆ ಎಲ್ಲರಿಗೂ ಪುರುಸೊತ್ತಿತ್ತು.

ಆಗ ಜಿಂಕೆಯ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಬರೀ ಕಂದು, ಒಣಗಿದ ಎಲೆಯ ಹಾಗೆ. ಜಿಂಕೆ, ಕಡವೆ ಎಲ್ಲ ಒಂದೇ ಹಿಂಡಾಗಿ ಮೇಯುತ್ತಿದ್ದವು.

ಆ ಹಿಂಡಿನಲ್ಲಿ ಹೊನ್ನೆ ಅಂತ ಒಬ್ಬ ತಾಯಿ ಜಿಂಕೆ ಇದ್ದಳು. ಅವಳ ಮಗಳು ತೊಂಡೆ. ಹೊನ್ನೆಯ ಗೆಳತಿ ಮಾಳಿ, ದೊಡ್ಡ ಮೈಯ ಕಡವೆ. ಮಾಳಿಗೆ ಆಗಷ್ಟೇ ಮಗ ಹುಟ್ಟಿದ್ದ. ನೇರಳ ಅಂತ ಹೆಸರು. ಎದ್ದು ನಿಂತರೆ ಕಾಲು ಗಡಗಡ ನಡುಗುತ್ತಿತ್ತು.

ಒಂದು ಬೆಳಗ್ಗೆ ತೊಂಡೆ ಹುಲ್ಲು ಮುಟ್ಟಲಿಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಆಮೇಲೆ ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದವು. ಗುಳ್ಳೆಯಲ್ಲಿ ನೀರು ತುಂಬಿತು. ಬೆನ್ನಿಗೂ ಹಬ್ಬಿತು.

"ಅಮ್ಮಾ, ಕಡಿತ. ತಡೆಯೋಕಾಗಲ್ಲ."

ಈಗ ನಾವು ಅದನ್ನು ಸೀತಾಳೆ ಸಿಡುಬು ಅನ್ನುತ್ತೇವೆ. ಆಗ ಅದಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ಕಂಡು ಹೊನ್ನೆ ಹೆದರಿದಳು.

ಗಾಳಿ ಮೆಲ್ಲಗೆ ಬಂದು ಹೇಳಿತು. "ಹೊನ್ನೇ, ಮಗೂನ ಬೇರೆ ಕಡೆ ಮಲಗಿಸು. ಅವಳ ಉಸಿರು ನನ್ನ ಮೇಲೆ ಬೀಳುತ್ತೆ. ನಾನು ಅದನ್ನ ಹಿಡಿದಿಟ್ಟುಕೊಳ್ಳಲಾರೆ. ಪಕ್ಕದಲ್ಲಿದ್ದವರ ಮೂಗಿಗೇ ಹೋಗುತ್ತೆ."

"ಹಿಂಡಿನವರು ನಮ್ಮನ್ನ ಓಡಿಸಿಬಿಡ್ತಾರೆ," ಅಂದಳು ಹೊನ್ನೆ. "ಇವತ್ತೊಂದು ದಿನ ಸುಮ್ಮನಿರು. ನಾಳೆ ಇಳಿಯುತ್ತೆ."

ಗಾಳಿ ಸುಮ್ಮನಾಯಿತು. ಹೊನ್ನೆ ಹೊಳೆಯಂಚಿನ ಕೆಮ್ಮಣ್ಣು ತಂದು ಮಗಳ ಮೈಗೆಲ್ಲ ಮೆತ್ತಿದಳು. ಗುಳ್ಳೆಗಳು ಕಾಣದಾದವು.

"ಮಗು ಯಾಕೆ ಮಂಕಾಗಿದೆ?" ಮಾಳಿ ಕೇಳಿದಳು.

"ಏನಿಲ್ಲ. ಬಿಸಿಲು."

"ಪಾಪ. ನನ್ನ ನೆರಳಲ್ಲಿ ಮಲಗಲಿ ಬಿಡು."

ತೊಂಡೆ ಮಾಳಿಯ ನೆರಳಿನಲ್ಲಿ, ನೇರಳನಿಗೆ ಒತ್ತಿಕೊಂಡು ಮಲಗಿದಳು. ಹೊನ್ನೆ ನೋಡಿದಳು. ಮಗಳನ್ನು ಎಬ್ಬಿಸಲಿಲ್ಲ.

ದಿನಗಳು ಹೋದವು. ಜಿಂಕೆಮರಿಗಳು ಒಂದೊಂದಾಗಿ ಮೇವು ಬಿಟ್ಟವು. ಒಂದೊಂದರ ಮೈಯೂ ಸುಡತೊಡಗಿತು. ಕೊನೆಗೆ ನೇರಳನಿಗೂ ಜ್ವರ ಬಂತು. ದೊಡ್ಡ ಮರಿಗಳು ನರಳಿ, ಕೆರೆದುಕೊಂಡು, ಹೇಗೋ ಎದ್ದವು. ನೇರಳ ತೀರಾ ಎಳೆಯವನು. ಅವನು ಏಳಲಿಲ್ಲ.

ಮಾಳಿ ಅವನನ್ನು ನೆಕ್ಕಿದಳು. ಮತ್ತೆ ನೆಕ್ಕಿದಳು. ಮೂತಿಯಿಂದ ಎತ್ತಿ ನಿಲ್ಲಿಸಲು ನೋಡಿದಳು. ಆ ಕಾಲುಗಳು ಈಗ ನಡುಗಲೂ ಇಲ್ಲ.

ಅಷ್ಟರಲ್ಲಿ ಮಳೆ ಬಂತು. ತೊಂಡೆಯ ಮೈಮೇಲಿನ ಕೆಮ್ಮಣ್ಣು ಕರಗಿ ಇಳಿಯಿತು. ಅದರಡಿಯಲ್ಲಿ ಗುಳ್ಳೆ ಒಣಗಿ ಕಟ್ಟಿದ ಹಕ್ಕಳೆಗಳು. ಉಳಿದ ಮರಿಗಳ ಹಕ್ಕಳೆಗಿಂತ ಹಳೆಯವು.

ಮಾಳಿಗೆ ಅರ್ಥವಾಯಿತು. ಅವಳು ಕೂಗಾಡಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತಾ, ಹೊನ್ನೆ?"

"ಗೊತ್ತಿತ್ತು. ಹೆದರಿಕೆಯಾಯ್ತು."

"ಹೇಳಿದ್ದರೆ ನಾನೇನು ಜಗಳ ಆಡ್ತಿದ್ದೆನಾ? ನನ್ನ ಮಗನ್ನ ಕರಕೊಂಡು ಆಚೆ ದಡಕ್ಕೆ ಹೋಗ್ತಿದ್ದೆ, ಅಷ್ಟೆ. ನಿನ್ನ ಮಗಳಿಗೆ ಎಳೆ ಸೊಪ್ಪು ತಂದು ದೂರದಲ್ಲಿ ಇಟ್ಟು ಬರ್ತಿದ್ದೆ."

ಇಷ್ಟು ಹೇಳಿ ಮಾಳಿ ಬೆಟ್ಟದ ಕಡೆ ತಿರುಗಿದಳು. ಮಳೆಯಲ್ಲೇ ನಡೆದಳು. ಉಳಿದ ಕಡವೆಗಳೂ ಒಂದೊಂದು ದಿಕ್ಕಿಗೆ ಹೊರಟವು. ಹೊನ್ನೆ ಮಾಳಿಯ ಹಿಂದೆ ಓಡಲಿಲ್ಲ. ಯಾವ ಮುಖ ಇಟ್ಟುಕೊಂಡು ಓಡುತ್ತಾಳೆ?

"ಅಮ್ಮಾ," ತೊಂಡೆ ಕೇಳಿದಳು, "ನೇರಳ ಸತ್ತದ್ದು ನನ್ನಿಂದಲಾ?"

"ಇಲ್ಲ ಕಂದಾ. ನಿನಗೆ ಕಾಯಿಲೆ ಬಂತು. ಕಾಯಿಲೆ ಬರೋದು ಯಾರ ತಪ್ಪೂ ಅಲ್ಲ. ಮುಚ್ಚಿಟ್ಟವಳು ನಾನು."

ಹಕ್ಕಳೆಗಳು ಉದುರಿದವು. ಉದುರಿದ ಕಡೆಯೆಲ್ಲ ಬಿಳಿ ಕಲೆ ನಿಂತಿತು. ಹೊನ್ನೆ ಮರಿಗಳನ್ನೆಲ್ಲ ಹೊಳೆಗೆ ಕರೆದೊಯ್ದಳು.

"ತೊಳೆದುಬಿಡು ತಾಯಿ," ಅಂತ ಬೇಡಿದಳು.

"ಮಣ್ಣಾದರೆ ತೊಳೆಯಬಲ್ಲೆ," ಅಂದಿತು ಹೊಳೆ. "ಇದು ನನ್ನ ಕೈಯಲ್ಲಾಗದು."

ಮುಂದೆ ಆ ಕಾಯಿಲೆ ಮತ್ತೆ ಕಾಡಿಗೆ ಬಂದಾಗ ತೊಂಡೆಯನ್ನು ಮುಟ್ಟಲಿಲ್ಲ. ಒಮ್ಮೆ ಕಾದಾಡಿ ಗೆದ್ದ ಮೈ ಅದನ್ನು ಗುರುತು ಹಿಡಿದಿತ್ತು. ಆದರೆ ಆ ಕಲೆಗಳು ಅವಳ ಮಕ್ಕಳಿಗೂ ಬಂದವು, ಮೊಮ್ಮಕ್ಕಳಿಗೂ ಬಂದವು. ಮಾಳಿ ಮಾತ್ರ ಬೆಟ್ಟ ಇಳಿದು ಬರಲೇ ಇಲ್ಲ.

ಅದಕ್ಕೇ ಮಗು, ಇವತ್ತಿಗೂ ಜಿಂಕೆಯ ಕಂದು ಮೈತುಂಬ ಬಿಳಿ ಚುಕ್ಕೆಗಳಿವೆ. ಕಡವೆ ಆ ಹಿಂಡಿಗೆ ಸೇರದೆ ಬೆಟ್ಟದ ಮರಗಳ ನಡುವೆ ಒಂಟಿಯಾಗಿ ನಿಂತಿರುತ್ತದೆ. ಅಪಾಯದ ವಾಸನೆ ಬಡಿದರೆ ಸಾಕು, ನೆಲಕ್ಕೆ ಕಾಲು ಅಪ್ಪಳಿಸಿ, ಕಾಡಿನ ಮಕ್ಕಳಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತದೆ.