ಕಗ್ಗಲಿ ಕಾಡಿನ ಮಿಂಚುಳ್ಳಿ

ಹೊಳೆಯ ದಡದ ಆ ಆಶ್ರಮದಲ್ಲಿ ಕಾಡಿನ ದಾರಿಯನ್ನು ಯಾರೂ ಬರೆದಿಡುತ್ತಿರಲಿಲ್ಲ. ಬಾಯಲ್ಲಿ ಹೇಳುತ್ತಿದ್ದರು.

ಸುತ್ತ ಐದು ಕಾಡುಗಳಿದ್ದವು. ಮೊದಲನೆಯದು ಹೊಂಗೆಯ ಕಾಡು. ಆಮೇಲೆ ಬಿದಿರಿನದು, ತೇಗದ್ದು, ಹುಲ್ಲುಗುಡ್ಡಗಳದ್ದು. ಕೊನೆಯದು ಕಗ್ಗಲಿ ಮರಗಳ ಮುಳ್ಳುಕಾಡು. ಐದನ್ನೂ ಸುತ್ತಿ ಮತ್ತೆ ಆಶ್ರಮ ಸೇರಲು ಎಂಟು ದಿನ ಬೇಕು.

ಹೊಲ ಮನೆ ಮಗ್ಗ ಎಲ್ಲ ಬಿಟ್ಟು ನಾಲ್ಕು ದಿನ ಮರಗಳ ಕೆಳಗೆ ಓಡಾಡಿ ಬರೋಣ ಎನ್ನುವವರು ದೂರದೂರದಿಂದ ಬರುತ್ತಿದ್ದರು. ಮೊದಲು ಆಶ್ರಮಕ್ಕೆ ಬಂದು ದಾರಿ ಕೇಳುತ್ತಿದ್ದರು.

ದಾರಿ ಪ್ರತಿ ವರ್ಷ ಬದಲಾಗುತ್ತದೆ. ಮಳೆಗೆ ಹಳ್ಳ ಜಾಗ ಬಿಡುತ್ತದೆ. ಗಾಳಿಗೆ ಮರ ಉರುಳುತ್ತದೆ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಒಬ್ಬ ಶಿಷ್ಯ ಐದೂ ಕಾಡು ನಡೆದು ಬರಬೇಕು. ಬಂದು, ಎಲ್ಲಿ ನೀರು, ಎಲ್ಲಿ ನೆರಳು, ಎಲ್ಲಿ ತಂಗಬಹುದು, ಎಲ್ಲಿ ಕಾಲಿಡಬಾರದು ಎಂದು ಗುರುಗಳ ಮುಂದೆ ಕೂತು ಹೇಳಬೇಕು.

ಆ ವರ್ಷ ಪೂರ್ತಿ ಬಂದವರಿಗೆ ದಾರಿ ಹೇಳುವವನು ಅವನೇ. ಅವರ ಹೊರೆ ಕಟ್ಟುವವನೂ ಅವನೇ. ಯಾರು ಎಷ್ಟು ನೀರು ಹೊರಬೇಕು, ಎಷ್ಟು ಇಳಿಸಬಹುದು ಎಂಬುದು ಅವನ ಮಾತಿನ ಮೇಲೆ ನಿಂತಿತ್ತು.

ಗುರು ರೇವಯ್ಯನವರು ಮೊದಲು ತಾವೇ ನಡೆಯುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ, ಹನ್ನೆರಡು ವರ್ಷಗಳಿಂದ, ಶಿಷ್ಯರ ಬಾಯಲ್ಲಿ ಕೇಳುತ್ತಿದ್ದರು.

ಈ ಸಲ ಹೋದವನು ನಾಗಿದೇವ. ಇಪ್ಪತ್ತೆರಡರ ಹುಡುಗ. ಏನು ಮಾಡಿದರೂ ಅಚ್ಚುಕಟ್ಟು. ನಾಲ್ಕು ಕಾಡುಗಳನ್ನು ಹೆಜ್ಜೆ ಎಣಿಸಿ ನಡೆದ. ಪ್ರತಿ ಹಳ್ಳದಲ್ಲೂ ಇಳಿದು ನೀರು ಎಲ್ಲಿಯವರೆಗೆ ಬರುತ್ತದೆಂದು ನೋಡಿದ.

ಐದನೆಯದರ ಅಂಚಿಗೆ ಬರುವಾಗ ಅವನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಅಲ್ಲಿನ ದಿಬ್ಬದ ಮೇಲಿಂದ ನೋಡಿದರೆ ದೂರದಲ್ಲಿ ಹೊಳೆ ಕಾಣುತ್ತಿತ್ತು. ಹೊಳೆಯ ಪಕ್ಕ ಆಶ್ರಮದ ಅಡುಗೆಮನೆಯ ಹೊಗೆ.

ಕಾಡಿನ ಹೊರಗಿನಿಂದ ಒಂದು ಗಾಡಿದಾರಿ ಹೋಗುತ್ತಿತ್ತು. ದಾರಿಯ ಪಕ್ಕ ಒಬ್ಬ ಕುರುಬ ಕುರಿ ಬಿಟ್ಟುಕೊಂಡು ಕೂತಿದ್ದ. ಒಳಗೆ ನೀರಿದೆಯೇ ಎಂದು ನಾಗಿದೇವ ಕೇಳಿದ. ಇದೆ ಎಂದ ಕುರುಬ. ಹುಲ್ಲುಗುಡ್ಡ ಇಳಿದು ಸೂರ್ಯನಿಗೆ ಬೆನ್ನು ಮಾಡಿ ನಡೆದರೆ ಮಧ್ಯಾಹ್ನದೊಳಗೆ ಜೋಡಿ ಬಂಡೆ ಸಿಗುತ್ತದೆ, ಬಂಡೆಗಳ ನಡುವೆ ದೊಣೆ ಇದೆ, ಅದರಲ್ಲಿ ನಿಂತ ನೀರು ಬೇಸಿಗೆಯಲ್ಲೂ ಬತ್ತುವುದಿಲ್ಲ.

ಅಷ್ಟು ಸಾಕೆನಿಸಿತು. ನಾಗಿದೇವ ಗಾಡಿದಾರಿ ಹಿಡಿದು ಬಂದುಬಿಟ್ಟ.

ಮಾರನೆಯ ದಿನ ಗುರುಗಳ ಮುಂದೆ ಕೂತ. ಉಳಿದ ಶಿಷ್ಯರೂ ಸುತ್ತ ಕೂತರು. ನಾಲ್ಕು ಕಾಡುಗಳನ್ನು ಕಂಡಂತೆ ಹೇಳಿದ. ಐದನೆಯದಕ್ಕೆ ಬಂದಾಗ ಹೇಳಲು ಎರಡೇ ಮಾತಿದ್ದವು. ಹೇಳಿ ಮುಗಿಸಿದ. ಎಲ್ಲರೂ ಇನ್ನೂ ಅವನ ಮುಖ ನೋಡುತ್ತಿದ್ದರು.

"ದೊಣೆಯ ಮೇಲೆ ಒಂದು ಒಣ ಕೊಂಬೆ ಚಾಚಿದೆ," ಎಂದ. "ಕೊಂಬೆಯ ಮೇಲೆ ಒಂದು ಮಿಂಚುಳ್ಳಿ ಕೂತಿರುತ್ತದೆ. ಅದು ಹಾರಿದರೆ ಮೇಲೂ ನೀಲಿ, ನೀರಿನೊಳಗೂ ನೀಲಿ."

ಕುರುಬ ಮಿಂಚುಳ್ಳಿಯ ಮಾತೆತ್ತಿರಲಿಲ್ಲ.

ಗುರುಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಎದ್ದು ಒಳಗೆ ಹೋದರು.

ಸುಳ್ಳು ಗೊತ್ತಾಗಿಹೋಯಿತು ಎಂದುಕೊಂಡ ನಾಗಿದೇವ. ಗುರುಗಳಿಗೆ ತಿಳಿಯದ್ದು ಯಾವುದಿದೆ? ಸಂಜೆ ಕರೆಯುತ್ತಾರೆ ಎಂದುಕೊಂಡ. ಕರೆಯಲಿಲ್ಲ. ಮಾರನೆಯ ದಿನ ಕಾದ. ಅಂದೂ ಕರೆಯಲಿಲ್ಲ. ತಿಂಗಳು ಕಳೆಯಿತು. ಅವರೇ ಸುಮ್ಮನಿದ್ದಾರೆ ಎಂದರೆ ಅದು ಅಂಥ ದೊಡ್ಡ ತಪ್ಪಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಅವನು ಹೇಳಿದ್ದರಲ್ಲಿ ಆಶ್ರಮದವರ ಬಾಯಲ್ಲಿ ಉಳಿದದ್ದು ಆ ಹಕ್ಕಿಯೊಂದೇ. ಹಿರಿಯ ಶಿಷ್ಯ ಬಸಲಿಂಗ ಹೊಳೆಯಲ್ಲಿ ಬಟ್ಟೆ ಒಗೆಯುವಾಗಲೆಲ್ಲ ಕೆಣಕುತ್ತಿದ್ದ.

"ಏನಯ್ಯ ಮಿಂಚುಳ್ಳಿ ಸ್ವಾಮಿ, ನಿನ್ನ ಹಕ್ಕಿ ಮರಿ ಮಾಡಿತೋ ಇಲ್ಲವೋ?"

ಎಲ್ಲರೂ ನಗುತ್ತಿದ್ದರು. ನಾಗಿದೇವನೂ ನಗುತ್ತಿದ್ದ. ನಕ್ಕ ಮೇಲೆ ಊಟ ರುಚಿಸುತ್ತಿರಲಿಲ್ಲ.

ಬಂದವರಲ್ಲಿ ಹೆಚ್ಚಿನವರು ಎರಡೋ ಮೂರೋ ಕಾಡು ನೋಡಿ ಬಂದ ದಾರಿಯಲ್ಲೇ ಮರಳುತ್ತಿದ್ದರು. ಕಗ್ಗಲಿ ಕಾಡಿನವರೆಗೆ ಹೋಗುತ್ತೇವೆಂದು ಯಾರೂ ಕೇಳಲಿಲ್ಲ. ಅಷ್ಟರಮಟ್ಟಿಗೆ ಅವನು ನೆಮ್ಮದಿಯಾಗಿದ್ದ.

ಬೇಸಿಗೆ ಶುರುವಾಗುವ ಹೊತ್ತಿಗೆ ಇಬ್ಬರು ಬಂದರು. ಮಾಗುಂಡಪ್ಪ ಎಂಬ ಮುದುಕ, ಅವನ ಮಗಳು ಸಂಗವ್ವ. ನೇಯ್ಗೆಯವರು. ಐವತ್ತು ವರ್ಷ ಕುಣಿಮಗ್ಗದಲ್ಲಿ ಕೂತು ಮುದುಕನ ಕಣ್ಣು ಮಬ್ಬಾಗಿತ್ತು. ಇನ್ನೊಂದು ವರ್ಷದಲ್ಲಿ ಪೂರ್ತಿ ಹೋಗುತ್ತದೆಂದು ವೈದ್ಯರು ಹೇಳಿದ್ದರಂತೆ. ಕಣ್ಣಿರುವಷ್ಟರಲ್ಲಿ ಐದೂ ಕಾಡು ನೋಡಿಬಿಡಬೇಕೆಂದು ಮಗಳನ್ನು ಹೊರಡಿಸಿಕೊಂಡು ಬಂದಿದ್ದ.

ನಾಗಿದೇವ ದಾರಿ ಹೇಳಿದ. ನಾಲ್ಕನೆಯ ಕಾಡಿನವರೆಗೆ ಮುದುಕ ತಲೆಯಾಡಿಸುತ್ತ ಕೇಳಿದ. ಐದನೆಯದನ್ನು ಹೇಳುವಾಗ ಮಿಂಚುಳ್ಳಿಯನ್ನು ಬಿಟ್ಟುಬಿಡಬೇಕೆಂದೇ ನಾಗಿದೇವ ಅಂದುಕೊಂಡಿದ್ದ. ಆದರೆ ಬಸಲಿಂಗ ಪಕ್ಕದಲ್ಲೇ ನಿಂತಿದ್ದ.

"ಹಕ್ಕಿಯ ವಿಷಯ ಹೇಳಲಿಲ್ಲವಲ್ಲ," ಎಂದ ಬಸಲಿಂಗ.

ಹೇಳಬೇಕಾಯಿತು. ಮುದುಕ ಮುಂದಕ್ಕೆ ಬಾಗಿ ಕೂತ.

"ಎಂಥಾ ನೀಲಿ, ತಮ್ಮಾ? ನಾ ನೀಲಿ ನೂಲು ಭಾಳ ನೇದೀನಿ. ಆ ಹಕ್ಕಿ ನೀಲಿ ನನ್ನ ಮಗ್ಗಕ್ಕ ಎಂದೂ ಬರಲಿಲ್ಲ."

ಬಿಸಿಲು ಬಿದ್ದರೆ ಒಂದು, ನೆರಳಿಗೆ ಹೋದರೆ ಇನ್ನೊಂದು ಎಂದು ನಾಗಿದೇವ ಹೇಳಿದ. ಮುದುಕನ ಮುಖ ಅರಳಿದ್ದು ನೋಡಿ ಇನ್ನೂ ಎರಡು ಮಾತು ಸೇರಿಸಿದ. ಮುಂಜಾನೆ ತಪ್ಪದೆ ಬರುತ್ತದೆ ಎಂದ.

ಸಂಗವ್ವ ನೀರಿಗೆಂದು ಎರಡು ಸೋರೆಬುರುಡೆ ತಂದಿದ್ದಳು. ತುಂಬಿದರೆ ಎರಡೂ ಭಾರ. ತಂದೆಯ ಕೈ ಹಿಡಿದು ನಡೆಸಬೇಕಾದವಳು ಅಷ್ಟು ಹೊರುವುದು ಕಷ್ಟವೆಂದು ನಾಗಿದೇವನಿಗೆ ಕಂಡಿತು. ಎಲ್ಲ ತಂಗುದಾಣದಲ್ಲೂ ನೀರಿದೆ, ಕೊನೆಯ ಕಾಡಿನಲ್ಲಿ ದೊಣೆಯಿದೆ, ಒಂದು ಸಾಕು ಎಂದು ಇನ್ನೊಂದನ್ನು ತನ್ನ ಕೈಯಾರೆ ಹೊರೆಯಿಂದ ಬಿಚ್ಚಿ ತೆಗೆದ.

ಅವರು ಹೊರಟರು.

ಬಿಚ್ಚಿದ ಬುರುಡೆ ಕೈಯಲ್ಲೇ ಉಳಿದಿತ್ತು. ನಾಗಿದೇವ ಅದನ್ನು ಹಿಡಿದುಕೊಂಡು ಅಂಗಳದಲ್ಲಿ ನಿಂತ. ದೊಣೆ ಬತ್ತುವುದಿಲ್ಲ ಎಂದು ಹೇಳಿದ್ದು ಯಾರು? ಹೆಸರು ಕೂಡ ಕೇಳದ ಒಬ್ಬ ಕುರುಬ. ಅದೂ ಮಳೆಗಾಲ ಮುಗಿದ ಹೊಸತರಲ್ಲಿ.

ಮೊದಲ ದಿನ, ಅವರು ಹೊಂಗೆಯ ಕಾಡಿನಲ್ಲಿರುತ್ತಾರೆ ಎಂದು ಲೆಕ್ಕ ಹಾಕಿದ. ಇನ್ನೂ ಸಮಯವಿದೆ.

ಎರಡನೆಯ ದಿನ, ಬಿದಿರು. ಗುರುಗಳ ಬಾಗಿಲವರೆಗೆ ಹೋದ. ಒಳಗೆ ಬಸಲಿಂಗನ ಧ್ವನಿ ಕೇಳಿತು. ಮರಳಿ ಬಂದ.

ಮೂರನೆಯ ದಿನ, ತೇಗ. ಗುರುಗಳು ಒಬ್ಬರೇ ಇದ್ದರು. ಕಾಲಿಗೆ ಎಣ್ಣೆ ಹಚ್ಚಬೇಕೇ ಎಂದು ಕೇಳಿದ. ಹಚ್ಚಿ ಎದ್ದು ಬಂದ. ಅವರೇ ಒಂದು ಮಾತು ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ ಎನಿಸಿತು. ತಿಳಿದೂ ಕೇಳದೆ ಕೂತಿದ್ದಾರಲ್ಲ ಎಂದು ಅವರ ಮೇಲೇ ಸಿಟ್ಟು ಬಂತು.

ನಾಲ್ಕನೆಯ ದಿನ ಬಿಸಿಲು ಜೋರಾಯಿತು. ಹೊಳೆಯಲ್ಲಿ ನಿನ್ನೆ ಮುಳುಗಿದ್ದ ಕಲ್ಲು ಇಂದು ಹೊರಗೆ ಕಾಣುತ್ತಿತ್ತು.

ಐದನೆಯ ದಿನ ಮುಂಜಾನೆ ಗುರುಗಳ ಮುಂದೆ ನಿಂತ. ಉಳಿದವರೂ ಇದ್ದರು. ಬೇರೆಯಾಗಿ ಮಾತಾಡಲು ಇನ್ನು ಹೊತ್ತಿರಲಿಲ್ಲ.

"ನಾನು ಕಗ್ಗಲಿ ಕಾಡಿನೊಳಗೆ ಹೋಗಲಿಲ್ಲ. ದೊಣೆಯನ್ನು ನೋಡಿಲ್ಲ."



"ಅವರು ಎಷ್ಟು ನೀರು ಒಯ್ದರು?" ಎಂದು ಗುರುಗಳು ಕೇಳಿದರು.

"ಒಂದು ಬುರುಡೆ."

ಗುರುಗಳು ಗೋಡೆ ಹಿಡಿದು ಎದ್ದರು. ಗೂಟದಿಂದ ಎರಡು ಬುರುಡೆ ತೆಗೆದರು. ಹೊಳೆಗೆ ಇಳಿಯುವ ಮೆಟ್ಟಿಲು ಹನ್ನೊಂದು. ಒಂದೊಂದು ಮೆಟ್ಟಿಲಿಗೂ ಕೂತು, ಕಾಲನ್ನು ಕೈಯಿಂದ ಎತ್ತಿ ಕೆಳಗಿಟ್ಟು ಇಳಿದರು. ನಾಗಿದೇವ ಓಡಿಹೋಗಿ ಕೈಚಾಚಿದ. ಬುರುಡೆ ಕೊಡಲಿಲ್ಲ. ತಾವೇ ನೀರು ತುಂಬಿದರು. ಮತ್ತೆ ಹನ್ನೊಂದು ಮೆಟ್ಟಿಲು ಹತ್ತಿದರು.

ಎಲ್ಲರೂ ನೋಡುತ್ತಿದ್ದರು. ಯಾರೂ ನಗಲಿಲ್ಲ. ಬೈದಿದ್ದರೆ ನಾಗಿದೇವನಿಗೆ ಹಗುರವಾಗುತ್ತಿತ್ತು.

ಗುರುಗಳು ಬುರುಡೆಗಳನ್ನು ಅವನ ಹೆಗಲಿಗೆ ಕಟ್ಟಿ ಗಂಟು ಬಿಗಿದರು. ಅಷ್ಟೇ.

ಆಶ್ರಮದ ಕಡೆಯಿಂದ ಹೋದರೆ ಕಗ್ಗಲಿ ಕಾಡು ಹತ್ತಿರ. ಮರುದಿನ ಬೆಳಿಗ್ಗೆ ಒಳಗೆ ಕಾಲಿಟ್ಟ. ಮಾಗುಂಡಪ್ಪನೂ ಸಂಗವ್ವನೂ ಅದೇ ಹೊತ್ತಿಗೆ ಆ ತುದಿಯಿಂದ ಒಳಗೆ ಬರುತ್ತಿರಬೇಕು.

ದಾರಿ ಸಿಗಲಿಲ್ಲ. ಗುರುಗಳಿಗೂ ಮುದುಕನಿಗೂ ತಾನೇ ಹೇಳಿದ ದಾರಿ. ಎತ್ತ ತಿರುಗಿದರೂ ಅದೇ ಕಪ್ಪು ಕಾಂಡ, ಅದೇ ಕೊಕ್ಕೆಮುಳ್ಳು. ಜೋಡಿ ಬಂಡೆಗಳನ್ನು ಹುಡುಕುತ್ತ ಆ ದಿನ ಪೂರ್ತಿ ಅಲೆದ. ಗಂಟಲು ಒಣಗಿತು. ಹೆಗಲ ಮೇಲಿದ್ದ ನೀರು ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಮರಗಳ ಮೇಲೆ ತೆಳ್ಳಗೆ ಹೊಗೆ ಕಂಡಿತು. ಓಡಿದ.

ಜೋಡಿ ಬಂಡೆ ಇತ್ತು. ನಡುವೆ ದೊಣೆ ಇತ್ತು. ದೊಣೆಯ ತುಂಬ ನೀರಿತ್ತು. ಸಂಗವ್ವ ಮೂರು ಕಲ್ಲಿನ ಒಲೆಯ ಮೇಲೆ ಗಂಜಿ ಕಾಯಿಸುತ್ತಿದ್ದಳು.

ನಾಗಿದೇವ ಅಲ್ಲೇ ಕುಸಿದು ಕೂತ. ಅವನಿಗೆ ಅಳು ಬಂತು, ನಗುವೂ ಬಂತು. ನೀರಿತ್ತು. ಏನೂ ಆಗಿರಲಿಲ್ಲ. ಯಾಕೆ ಬಂದೆ ಎಂದು ಹೇಳದೆ ಹಾಗೆಯೇ ಮರಳಿ ಹೋಗಬಹುದಿತ್ತು.

"ಸ್ವಾಮೇರ, ನೀವ್ಯಾಕ ಇಷ್ಟು ದೂರ ಬಂದ್ರಿ?" ಎಂದು ಸಂಗವ್ವ ಕೇಳಿದಳು. ನಂತರ ದನಿ ತಗ್ಗಿಸಿದಳು. "ಜೋರಾಗಿ ಮಾತಾಡಬ್ಯಾಡ್ರಿ. ಅಪ್ಪ ಕಾಯಾಕತ್ಯಾನ."

ಮುದುಕ ದೊಣೆಯ ಆಚೆ ಕೂತಿದ್ದ. ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಬಂಡೆಯ ಮೇಲಿನ ಒಂದು ಕೊಂಬೆಯನ್ನೇ ನೋಡುತ್ತಿದ್ದ. ನಿನ್ನೆ ಮಧ್ಯಾಹ್ನ ಬಂದಾಗಿನಿಂದ ಅಲ್ಲೇ ಕೂತಿದ್ದಾನೆ ಎಂದಳು ಸಂಗವ್ವ. ಬೆಳಕಿರುವವರೆಗೂ ಎದ್ದಿಲ್ಲ. ಇವತ್ತು ನಸುಕಿನಲ್ಲೇ ಮತ್ತೆ ಬಂದು ಕೂತ. ಊಟಕ್ಕೆ ಕರೆದರೆ, ಅಷ್ಟರಲ್ಲಿ ಹಕ್ಕಿ ಬಂದು ಹೋದರೆ ಎಂದನಂತೆ.

ನಾಗಿದೇವ ಹೆಗಲ ನೀರಿನೊಂದಿಗೆ ಮುದುಕನ ಎದುರು ಹೋಗಿ ನಿಂತ. ಕೊಂಬೆ ಮರೆಯಾಯಿತು.

"ಮಾಗುಂಡಪ್ಪನವರೇ, ಇಲ್ಲಿ ಮಿಂಚುಳ್ಳಿ ಇಲ್ಲ. ನಾನು ಈ ಕಾಡಿಗೆ ಬಂದೇ ಇರಲಿಲ್ಲ. ಹಕ್ಕಿ ನಾನು ಕಟ್ಟಿದ ಕತೆ."

ಮುದುಕ ಕೈ ಇಳಿಸಲಿಲ್ಲ.

ಹಿಂದಿನಿಂದ ಸಂಗವ್ವ ಬಂದಳು. ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು, ಮೋಸ ಹೋದದ್ದು ತನ್ನದೇ ತಪ್ಪೆಂಬಂತೆ.

"ಈ ನೀರಾಗ ಒಂದು ಮೀನಿಲ್ಲ. ಮೀನ ಇಲ್ಲದ ಕಡೆ ಮಿಂಚುಳ್ಳಿ ಯಾಕ ಬರತೈತಿ ಅಂತ ನನಗೂ ಅನ್ನಿಸಿತ್ತು. ನೀವು ಕಂಡೀನಿ ಅಂದಿದ್ರಲ್ಲ, ಅದಕ್ಕ ಸುಮ್ಮನಾದೆ."

ಮುದುಕ ಕೈ ಇಳಿಸಿದ. ಮಗಳೊಡನೆ ಮಾತಾಡಿದ, ನಾಗಿದೇವನೊಡನೆ ಅಲ್ಲ.

"ನಿನ್ನೆ ಸಂಜಿಗೆ ಆ ಕಡೆಯಿಂದ ಚಿಗರಿ ಹಿಂಡು ನೀರಿಗೆ ಬಂದಾವ ಅಂದೆಲ್ಲ, ಸಂಗಿ. ಎಷ್ಟಿದ್ದವು?"

"ಹದಿನೇಳು ಇದ್ದವಪ್ಪ. ಎರಡು ಮರಿ."

"ನಾ ತಿರುಗಿ ನೋಡಲಿಲ್ಲ," ಎಂದ ಮುದುಕ.

ಅವರು ಮತ್ತೊಂದು ಸಂಜೆ ಅಲ್ಲಿ ಉಳಿದರು. ಚಿಗರಿ ಜಿಂಕೆಗಳು ಬರಲಿಲ್ಲ. ಮನುಷ್ಯರ ವಾಸನೆ ಹಿಡಿದಿರಬೇಕು. ಬೆಳಿಗ್ಗೆ ಹೊರಟಾಗ ನಾಗಿದೇವ ಅವರ ಹೊರೆಯನ್ನೆಲ್ಲ ತಾನೇ ಹೊತ್ತ. ಇಳಿಜಾರಿನಲ್ಲಿ ಮುದುಕನಿಗೆ ಕೈ ಕೊಟ್ಟ. ಮುದುಕ ಆ ಕೈಯನ್ನು ಸೋಕಿ ನೋಡಿ, ಯಾರದೆಂದು ಗುರುತಿಸಿ, ಬಿಟ್ಟ. ಮಗಳ ಹೆಗಲು ಹಿಡಿದುಕೊಂಡ.

ಆಶ್ರಮದ ಹತ್ತಿರದ ಕವಲಿನಲ್ಲಿ ಅವರು ತಮ್ಮೂರ ದಾರಿ ಹಿಡಿದರು. ಸಂಗವ್ವ ಕೈ ಮುಗಿದಳು. ಮುದುಕ ಮುಂದೆ ನಡೆದಿದ್ದ.

ಗುರುಗಳು ಮೇಲಿನ ಮೆಟ್ಟಿಲಲ್ಲಿ ಒಬ್ಬರೇ ಕೂತಿದ್ದರು. ಅಂದು ಹೊಳೆಗೆ ಇಳಿದು ಹತ್ತಿದ ಮೊಣಕಾಲು ಬಾತಿತ್ತು. ಅದರ ಮೇಲೆ ಯಾವುದೋ ಸೊಪ್ಪು ಅರೆದು ಕಟ್ಟಿದ್ದರು.

ನಾಗಿದೇವ ಎರಡು ಮೆಟ್ಟಿಲು ಕೆಳಗೆ ಕೂತ. ಎಲ್ಲವನ್ನೂ ಹೇಳಿದ. ನೀರಿತ್ತು ಎಂದ. ಹಕ್ಕಿ ಇರಲಿಲ್ಲ ಎಂದ. ಚಿಗರಿಗಳ ವಿಷಯ ಹೇಳುವಾಗ ತಡವರಿಸಿದ. ದಾರಿ ಹೇಳುವ ಕೆಲಸವನ್ನು ಬಸಲಿಂಗನಿಗೆ ಕೊಡಿ ಎಂದು ಕೇಳಿಕೊಂಡ.

ಗುರುಗಳು ಮೊಣಕಾಲಿನ ಕಟ್ಟು ಸರಿಪಡಿಸಿಕೊಂಡರು.

ನಾಗಿದೇವನೊಳಗೆ ಇಷ್ಟು ತಿಂಗಳು ಕೂತಿದ್ದ ಮಾತು ಹೊರಬಂತು.

"ಗುರುಗಳೇ, ನಾನು ಮೊದಲ ಸಲ ಹೇಳಿದ ದಿನವೇ ನಿಮಗೆ ಎಲ್ಲ ತಿಳಿದಿತ್ತು. ಕಣ್ಣು ಮುಚ್ಚಿಕೊಂಡು ಕೂತಿದ್ದಿರಿ. ಆಗಲೇ ನನ್ನನ್ನು ಯಾಕೆ ತಡೆಯಲಿಲ್ಲ?"

ಗುರುಗಳು ಅವನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟು ಇರುತ್ತದೆಂದು ಅವನು ಎಣಿಸಿದ್ದ. ಇರಲಿಲ್ಲ.

"ಇಲ್ಲಪ್ಪ, ನನಗೇನೂ ತಿಳಿದಿರಲಿಲ್ಲ," ಎಂದರು. "ನೀನು ನೋಡಿದ್ದೀಯೆಂದು ನಂಬಿ, ಕಣ್ಣು ಮುಚ್ಚಿ ನಾನೂ ಆ ಹಕ್ಕಿಯನ್ನು ನೋಡಿದ್ದೆ."