ಕೊಕ್ಕರೆ ಅಳೆದ ಪಾತಿ

ಎರೆಹುಳು ತಾಯವ್ವ ಹುಟ್ಟಿದಾಗಿನಿಂದ ವಿಷ ಮುಟ್ಟಿದವಳಲ್ಲ. ಆದರೂ ಸರ್ಕಾರದ ಮುದ್ರೆಯಿಲ್ಲದೆ ಅವಳ ದಂಟಿನ ಸೊಪ್ಪನ್ನು ಸಾವಯವವೆಂದು ಸಂತೆಯಲ್ಲಿ ಮಾರುವಂತಿಲ್ಲ ಎಂದು ಆಜ್ಞೆಯಾಯಿತು. ಮುದ್ರೆ ಕೊಡಲು ಕೊಕ್ಕರೆ ಸಾಹೇಬರು ಬಂದರು. ಕೊಕ್ಕಿನಿಂದ ಕೆದಕಿ ನೋಡಿ, "ಮಣ್ಣು ಅಪ್ಪಟ ಚಿನ್ನ" ಎಂದರು. ಆಮೇಲೆ ಕತ್ತು ಉದ್ದ ಮಾಡಿ ಬದುವಿನಾಚೆ ನೋಡಿದರು. ಎರಡೂ ಕಡೆ ಹೆಗ್ಗಣಗಳ ಹೊಲ, ಎರಡರಲ್ಲೂ ಔಷಧಿ ಹೊಡೆಯುತ್ತಿದ್ದರು.

"ಆ ಔಷಧಿ ಗಾಳಿಗೆ ನಿಮ್ಮ ಸೊಪ್ಪಿನ ಮೇಲೆ ಬೀಳುತ್ತಲ್ಲಮ್ಮ."

"ಬೀಳುತ್ತೆ ಸ್ವಾಮಿ. ಅವರಿಗೊಂದು ಮಾತು ಹೇಳಿ."

"ಅವರು ಮುದ್ರೆ ಕೇಳಿಲ್ಲ, ಅವರಿಗೆ ನಾನು ಹೇಳೋ ಹಾಗಿಲ್ಲ. ಕೇಳಿದವರು ನೀವು. ಎರಡೂ ಬದುವಿನಿಂದ ನನ್ನ ಒಂದೊಂದು ರೆಕ್ಕೆಯಷ್ಟು ಜಾಗ ಬಿಡಿ. ಅಲ್ಲಿ ಬೆಳೆದದ್ದು ಸಾವಯವದ ಲೆಕ್ಕಕ್ಕೆ ಬರಲ್ಲ."

ಸಾಹೇಬರು ಪಾತಿಯ ನಡುವೆ ನಿಂತು ರೆಕ್ಕೆ ಬಿಚ್ಚಿದರು. ಎಡರೆಕ್ಕೆಯ ತುದಿ ಒಂದು ಬದುವನ್ನು ಮುಟ್ಟಿತು, ಬಲರೆಕ್ಕೆಯದು ಇನ್ನೊಂದನ್ನು. ತಾಯವ್ವನಿಗೆ ತನ್ನ ಮೈಯ ಎರಡು ತುದಿಗಳಲ್ಲಿ ತಲೆ ಯಾವುದೆಂಬುದೇ ಒಂದು ಗಳಿಗೆ ಮರೆತುಹೋಯಿತು.

"ಹಾಗಾದರೆ ನಾನು ಬೆಳೆಯೋದು ಎಲ್ಲಿ ಸ್ವಾಮಿ?"

"ನಡುವೆ ಉಳಿಯಿತಲ್ಲ, ಶುದ್ಧವಾದ ಜಾಗ."

"ಅಲ್ಲಿ ನೀವು ನಿಂತಿದ್ದೀರಿ."

"ತಪಾಸಣೆಗೆ ವರ್ಷಾವರ್ಷ ಬಂದು ನಿಲ್ಲಲೇಬೇಕಲ್ಲಮ್ಮ."

ಅವಳು ತಮ್ಮ ಕಾಲುಗಳ ಸುತ್ತ ತೆವಳಿ ಜಾಗ ಹುಡುಕುವುದನ್ನು ಕಂಡು ಸಾಹೇಬರಿಗೆ ಕನಿಕರವಾಯಿತು. ಒಂದು ಕಾಲನ್ನು ಮೆಲ್ಲಗೆ ಎತ್ತಿ ಹೊಟ್ಟೆಯಡಿ ಮಡಚಿಕೊಂಡರು.

"ತಗೊಳ್ಳಿ, ಈ ಕಾಲಿನ ಜಾಗದಲ್ಲಿ ಬೆಳೆದುಕೊಳ್ಳಿ. ಅಷ್ಟಕ್ಕೆ ಮುದ್ರೆ ಒತ್ತಿಕೊಡ್ತೀನಿ."